ಮಾತ್ರೆಯ ಕೆಂಪು ಗೆರೆ ಹೇಳುವುದೇನು?

ಮಾತ್ರೆ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಅಪಾಯಕಾರಿ ಔಷಧ, ಇಲ್ಲದಿದ್ದರೆ ಧೈರ್ಯವಾಗಿ ನುಂಗಬಹುದು. ಹೀಗೊಂದು ಫಾರ್ವರ್ಡ್ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರ ಕಾಳಜಿ ನಿಜ, ಆದರೆ ಅರ್ಥ ತಪ್ಪು.

ಆ ಗೆರೆ ಹೇಳುವುದು ಇಷ್ಟೇ: ಡಾಕ್ಟರ್ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ದಿನಾ ತಗೊಳ್ಳುವ ಬಿಪಿ ಮಾತ್ರೆ ಅಮ್ಲೋಡಿಪಿನ್ ಕೂಡ ಈ ಸಾಲಿನದೇ. ಗೆರೆ ನೋಡಿ ಹೆದರಿ ಅದನ್ನು ಸುಮ್ನೆ ನಿಲ್ಲಿಸಿದರೆ ಬಿಪಿ ಮತ್ತೆ ಏರಬಹುದು. ಇತ್ತ, ಚೀಟಿ ಇಲ್ಲದೆ ಸಿಗುವ ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್‌ಗೇ ಪೆಟ್ಟು.

ಚೀಟಿ ಬೇಕಾದ ಔಷಧಗಳಲ್ಲೇ 46ಕ್ಕೆ 2013ರಲ್ಲಿ ನಿಯಮ ತಿದ್ದಿ 'ಶೆಡ್ಯೂಲ್ ಎಚ್1' ಅನ್ನುವ ಇನ್ನೂ ಬಿಗಿಯಾದ ಬೇರೆ ಪಟ್ಟಿ ಮಾಡಿದರು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್, ಆಲ್‌ಪ್ರಜೋಲಮ್‌ನಂಥ ನಿದ್ದೆ ಬರಿಸುವ ಮಾತ್ರೆ ಇದರಲ್ಲಿವೆ. ಇವನ್ನು ಮಾರಿದಾಗ ಡಾಕ್ಟರ್ ಹೆಸರು, ವಿಳಾಸ, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಆಸ್ಪತ್ರೆಯ ಔಷಧಿ ಕೌಂಟರ್‌ನಲ್ಲಿ ಚೀಟಿ ಕೇಳಿ, ಹೆಸರು ಬರೆದುಕೊಂಡು ತಡ ಮಾಡುವುದು ಇದಕ್ಕೇ. ಹಿಂದೆ ಸಾಲಿನಲ್ಲಿ ನಿಂತವರಿಗೆ ಸಿಟ್ಟು ಬರೋದು ಸಹಜ, ಅಲ್ವಾ?

ನೀವೇ ನೋಡಬಹುದು. ಸ್ಟ್ರಿಪ್ ತಿರುಗಿಸಿ, ಗೆರೆಯ ಪಕ್ಕದ ಸಣ್ಣ ಅಕ್ಷರ ಓದಿ. ಚೀಟಿ ಬೇಕೆಂಬ ಸಾಲು ಅಲ್ಲೇ ಇರುತ್ತದೆ. ಮೆಸೇಜಿನಲ್ಲಿ ನಿಯಮದ ಹೆಸರು, ವರ್ಷ ಇದೆಯಾ ನೋಡಿ. ಇದ್ದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಸ್ಟ್ರಿಪ್ ಹಿಡಿದು ಫಾರ್ಮಸಿಸ್ಟ್‌ರನ್ನೇ ಕೇಳಿ.