ಅಳಿಸಿದರೂ ಇಳಿಯದ ಡಿಸ್ಕ್

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರ್‌ನಲ್ಲಿ ಓಡಲ್ಲ ಅಂತ ವರ್ಚುವಲ್ ಮಷಿನ್‌ಗೆ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಲ್ಲಿ ಓಡೋ ಇನ್ನೊಂದು ಕಂಪ್ಯೂಟರ್) ಹಾಕಿದ್ದೇನೆ. ಇವತ್ತು ಹರಾಜು ಮುಗಿದು ರೈತರು ಬಿಲ್‌ಗೆ ಕಾಯುತ್ತಿದ್ದಾರೆ, ಮಷಿನ್ ಅಲ್ಲೇ ನಿಂತುಬಿಟ್ಟಿತು. ನೋಡಿದರೆ ಹೊರಗಿನ, ಅಂದರೆ ನಿಜವಾದ ಕಂಪ್ಯೂಟರ್‌ನ ಡ್ರೈವ್ ಪೂರ್ತಿ ತುಂಬಿ ಕೆಂಪು!

ಮಷಿನ್ ಒಳಗೆ 30 ಜಿಬಿ ಹಳೇ ಫೈಲ್ ಅಳಿಸಿದೆ. ಹೊರಗೆ ಒಂದು ಎಂಬಿ ಕೂಡ ಇಳಿಯಲಿಲ್ಲ. ಮಷಿನ್‌ನ ಡಿಸ್ಕ್ ಅಂದರೆ ಹೊರಗಿನ ಡ್ರೈವ್‌ನಲ್ಲಿರೋ ಒಂದು ದೊಡ್ಡ ಫೈಲ್; ಅದು ತುಂಬಿದ ಹಾಗೆಲ್ಲ ಹಿಗ್ಗುತ್ತದೆ, ಅಳಿಸಿದರೆ ತಾನಾಗಿ ಕುಗ್ಗಲ್ಲ. ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ, ಮಷಿನ್ ಆಫ್ ಮಾಡಿ, ಆಮೇಲೆ ಆ ಫೈಲನ್ನು ಕಾಂಪ್ಯಾಕ್ಟ್ ಮಾಡಿ ಕುಗ್ಗಿಸಬೇಕಂತೆ. ಹಳೇ ಸ್ನ್ಯಾಪ್‌ಶಾಟ್‌ಗಳದ್ದು (ಮಷಿನ್ ಆಯಾ ಹೊತ್ತಿಗೆ ಹೇಗಿತ್ತೋ ಹಾಗೇ ಉಳಿಸಿಟ್ಟ ಸ್ಥಿತಿಗಳು) ಇನ್ನೊಂದು ಗೋಳು. ಅವನ್ನು ಅಳಿಸಿ ಡಿಸ್ಕ್ ಜೊತೆ ಒಂದು ಮಾಡೋಕೂ ಮೊದಲು ಖಾಲಿ ಜಾಗ ಬೇಕು. ಅದೇ ತಾನೇ ಇಲ್ಲದಿರೋದು?

ಕೊನೆಗೆ ಬಿಲ್ಲುಗಳನ್ನು ಕೈಯಲ್ಲೇ ಬರೆದೆ. ಶ್ರೀನಿವಾಸಪುರದ ಅಜ್ಜನಿಗೆ ಅಷ್ಟೊತ್ತಿಗೆ ಬಸ್ ತಪ್ಪಿಹೋಗಿತ್ತು.