ಹೊಗೆ ಹಾಕಿದರೆ ಸಾಲದು

ಡೆಂಗಿ ತಡೆಯಲು ಫಾಗಿಂಗ್ ಜಾಸ್ತಿ ಮಾಡಬೇಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ ಅಲ್ವಾ? ನೀರಿನ ಡ್ರಮ್ಮಿನ ಒಳಗೋಡೆಗೆ ಅಂಟಿದ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಮತ್ತೆ ನೀರು ತುಂಬಿದರೆ ಮರಿಯಾಗುತ್ತವೆ.

ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಬೇರೆ ದಾರಿ ಹಿಡಿದರು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಈಡಿಸ್ ಸೊಳ್ಳೆಗಳನ್ನೇ ಊರೊಳಗೆ ಬಿಟ್ಟರು. ಅಂಥ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ತಾಯಿಸೊಳ್ಳೆಯಿಂದ ಮೊಟ್ಟೆಗೂ ಈ ಬ್ಯಾಕ್ಟೀರಿಯಾ ದಾಟುತ್ತದೆ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೊಳ್ಳೆ ಬಿಟ್ಟ ಕಡೆ ಡೆಂಗಿ ಶೇ 77ರಷ್ಟು, ಅದರಿಂದ ಆಸ್ಪತ್ರೆ ಸೇರುವುದು ಶೇ 86ರಷ್ಟು ಕಡಿಮೆ ಇತ್ತು.

ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರವೂ ಇಂಥ ಸೊಳ್ಳೆ ತಳಿ ಬೆಳೆಸಿದೆ. ಬೆಂಗಳೂರಿನ ಕೆಲವು ವಾರ್ಡುಗಳಲ್ಲಾದರೂ, ಜನರಿಗೆ ಮೊದಲೇ ವಿವರಿಸಿ, ಇದನ್ನು ಪ್ರಯೋಗ ಮಾಡಿ ನೋಡಬೇಕು.