ಸುಣ್ಣ ತಿನ್ನುವ ಹೂವು

ಮೇ ತಿಂಗಳೊಳಗ ಕಲಬುರಗಿಯಲ್ಲಿ ಮನುಷ್ಯರು ಬಾಳೇವು ಮಾಡುವುದೇ ಕಷ್ಟ. ಅಂಥದ್ದರಲ್ಲಿ ನಾನು ಸಮುದ್ರ ಸಾಕಿದ್ದೇನೆ. ಪಡಸಾಲೆಯ ಮೂಲೆಯಲ್ಲಿ ಇನ್ನೂರು ಲೀಟರಿನ ಗಾಜಿನ ತೊಟ್ಟಿ. ಹೊರಗೆ ನಲವತ್ತೆರಡು ಡಿಗ್ರಿ ಇದ್ದರೂ ಅದರೊಳಗೆ ಇಪ್ಪತ್ತಾರು ದಾಟಬಾರದು ಅಂತ ಚಿಲ್ಲರ್ ಗುಂಯ್‌ಗುಡುತ್ತಿರುತ್ತದೆ. ಲೀಟರಿಗೆ 35 ಗ್ರಾಂ ಉಪ್ಪು ಬೆರೆಸಬೇಕು, ಅದೂ ಅಂಗಡಿಯ ಹರಳುಪ್ಪಲ್ಲ. ನಮ್ಮ ಬೋರಿನ ನೀರು ಕುಕ್ಕರಿನ ತಳವನ್ನೇ ಬೆಳ್ಳಗೆ ಮಾಡುವಂಥದ್ದು, ಆದ್ದರಿಂದ ಮೀನಿಗೆ ಆರ್‌ಓ ನೀರು. ಕಾಕಾ ಬಂದಾಗಲೆಲ್ಲ ಚಿಲ್ಲರಿನ ಮುಂದೆ ಅಂಗಿ ಗುಂಡಿ ಬಿಚ್ಚಿ ಕೂತು, "ನಮ್ ಮನ್ಯಾಗ ಕೂಲರಿಗಿ ನೀರ್ ಹಾಕ್ಲಾಕ ಮಂದಿ ಇಲ್ಲ, ನಿಮ್ ಮೀನಿಗಿ ಏಸಿ ಅದ ನೋಡ್ರಿ" ಅನ್ನುತ್ತಾರೆ. ಚಿಲ್ಲರಿನ ಹಿಂಬದಿಯಿಂದ ಬರುವುದು ಬಿಸಿಗಾಳಿ ಅಂತ ನಾನಿನ್ನೂ ಅವರಿಗೆ ಹೇಳಿಲ್ಲ.

ತೊಟ್ಟಿಯೊಳಗೆ ಗಟ್ಟಿ ಹವಳ ಇಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಹವಳ ಹುಲಿಯ ಸಾಲಿಗೇ ಕೂತಿದೆ. ಎರಡು ಕ್ಲೌನ್ ಮೀನು, ಕಲ್ಲಿನ ಮೇಲೆ ಬಣ್ಣಬಣ್ಣದ ಗುಂಡಿ ಹೊಲಿದ ಹಾಗೆ ಝೋವಾಂಥಿಡ್ ಎಂಬ ಹವಳದ ಮೆತ್ತನೆಯ ನೆಂಟರು, ಒಂದಿಷ್ಟು ಶಂಖದ ಹುಳ, ಇಷ್ಟೇ ಸಂಸಾರ. ಆ ಝೋವಾಂಥಿಡ್ ಕೂತಿದ್ದ ಕಲ್ಲಿನ ಸಂದಿಯಲ್ಲಿ ಟಿಕೆಟ್ ಇಲ್ಲದೆ ಬಂದಿಳಿದದ್ದು ಐಪ್ಟೇಸಿಯಾ ಎಂಬ ಅನಿಮೋನ್, ಅಂದರೆ ಹೂವಿನ ವೇಷದ ಕಡಲಪ್ರಾಣಿ.

ಮೊದಲು ಕಂಡದ್ದು ಅವ್ವನಿಗೆ. "ಏ, ಇಲ್ ನೋಡು, ಕಲ್ಲಾಗ ಹೂ ಬಿಟ್ಟದ!" ಅಂತ ಮನೆಮಂದಿಯನ್ನೆಲ್ಲ ಕರೆದಳು. ನೋಡಿದರೆ ಕಾಫಿ ಬಣ್ಣದ, ಬೆಳಕು ಹಾಯುವಂಥ ದಂಟು. ತುದಿಯಲ್ಲಿ ಸುತ್ತಲೂ ಸಣ್ಣ ಎಳೆಗಳು ನೀರಿನ ಸೆಳೆತಕ್ಕೆ ತೊನೆಯುತ್ತಿವೆ. ಛಂದ ಇತ್ತು, ಸುಳ್ಳು ಯಾಕೆ ಹೇಳಲಿ. ಬೆರಳು ಹತ್ತಿರ ಒಯ್ದರೆ ಇಡೀ ಹೂವು ಸೊರ್ ಅಂತ ಕಲ್ಲಿನ ತೂತಿನೊಳಗೆ ಮಾಯ. ಆದರೆ ಅದರ ಒಂದೊಂದು ಎಳೆಯಲ್ಲೂ ಚುಚ್ಚುವ ಕಣಗಳಿರುತ್ತವೆ. ವಾರ ಕಳೆಯುವುದರೊಳಗೆ ಪಕ್ಕದ ಝೋವಾಂಥಿಡ್‌ಗಳು ಬಾಯಿ ಮುಚ್ಚಿ ಮುದುಡಿಕೊಂಡವು. ರೊಕ್ಕ ಕೊಟ್ಟು ತಂದದ್ದು ಸೊರಗುವುದು, ಪುಕ್ಕಟೆ ಬಂದದ್ದು ಕೊಬ್ಬುವುದು. ಇದರ ಮೈಯೊಳಗೆ ಪಾಚಿ ವಾಸ ಮಾಡುತ್ತದೆ. ಲೈಟಿನ ಬೆಳಕಲ್ಲಿ ಆ ಪಾಚಿ ಊಟ ತಯಾರಿಸಿ ಮನೆ ಮಾಲೀಕನಿಗೂ ಬಡಿಸುತ್ತದೆ. ಮೇಲೆ ಮೀನು ಬಿಟ್ಟ ಕಾಳು ಬೇರೆ. ಇಂಥವನನ್ನು ಮನೆ ಬಿಡಿಸುವುದು ಹೇಗೆ?

ತಮ್ಮ ಸಿವಿಲ್ ಗುತ್ತಿಗೆದಾರ. ಯಾವ ಸಮಸ್ಯೆ ಬಂದರೂ ಒಡೆದು ಕಟ್ಟು ಅನ್ನುವವನು. ನಾನು ಆಫೀಸಿಗೆ ಹೋದ ಹೊತ್ತು ನೋಡಿ, ಗೋಡೆಯ ಬಣ್ಣ ಕೆರೆಯುವ ಪಟ್ಟಿ ತೊಟ್ಟಿಗಿಳಿಸಿ, ಅದನ್ನು ಬುಡಸಮೇತ ಕೆರೆದುಬಿಟ್ಟಿದ್ದ. ಪಂಪು ಬೇರೆ ಚಾಲೂ ಇತ್ತು. ಸಂಜೆ ಎದೆಯುಬ್ಬಿಸಿ ಹೇಳಿದ: "ಅಣ್ಣಾ, ಕೆಲಸ ಕ್ಲೀನ್. ಬೇರ್ ಸೈತ ಉಳಿಸಿಲ್ಲ." ಐಪ್ಟೇಸಿಯಾದ ಸಂಸಾರ ನಡೆಯುವುದೇ ಹೀಗೆ. ಅದು ನಡೆದಾಡುವಾಗ ತನ್ನ ಪಾದದ ಚೂರುಗಳನ್ನು ತಾನೇ ಹರಿದು ಬಿಡುತ್ತದೆ, ಒಂದೊಂದು ಚೂರೂ ಹೊಸ ಅನಿಮೋನ್ ಆಗುತ್ತದೆ. ಅದಕ್ಕೆ ತಿಂಗಳಾನುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ನನ್ನ ತಮ್ಮ ಐದು ನಿಮಿಷದಲ್ಲಿ, ಕೂಲಿ ಇಲ್ಲದೆ, ಮಾಡಿಕೊಟ್ಟಿದ್ದ. ಚೂರುಗಳನ್ನು ಪಂಪು ಮನೆಮನೆಗೆ ಮುಟ್ಟಿಸಿತು. ಆಮೇಲೆ ಕಲ್ಲಿನ ಮೇಲೆ, ಗಾಜಿನ ಮೂಲೆಯಲ್ಲಿ, ಫಿಲ್ಟರಿನ ಪೈಪಿನೊಳಗೆ, ಎಲ್ಲಿ ನೋಡಿದರಲ್ಲಿ ಸಾಸಿವೆಯಷ್ಟು ಮರಿ ಹೂವು. ಅವ್ವನಿಗೆ ಖುಷಿಯೋ ಖುಷಿ.

"ಕಲ್ಲ್ ತೆಗದು ಕುದಿಯೋ ನೀರಾಗ ಹಾಕು, ಮುಗೀತು" ಅಂದರು ಕಾಕಾ. ಇಲ್ಲಿ ಮಾತ್ರ ನಗು ಬದಿಗಿಟ್ಟು ಹೇಳಬೇಕು. ಝೋವಾಂಥಿಡ್ ಜಾತಿಯ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಅಂಥ ಕಲ್ಲನ್ನು ಕುದಿಸಿದರೆ ಆ ಹಬೆ ಕುಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು. ಬೇರೆ ಬೇರೆ ದೇಶಗಳಲ್ಲಿ ಸೇರಿದ್ದೂ ಇದೆ.

ಕೊನೆಗೆ ಉಳಿದದ್ದು ಸುಣ್ಣ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಅರಳಿಸಿದ ಸುಣ್ಣವೇ. ಸಮುದ್ರದ ತೊಟ್ಟಿಯವರು ಅದನ್ನು 'ಕಾಲ್ಕ್‌ವಾಸರ್' ಎಂಬ ಜರ್ಮನ್ ಹೆಸರಿನಿಂದ ಕರೆದು, ಡಬ್ಬಿಯಲ್ಲಿ ಅದಕ್ಕೊಪ್ಪುವ ಬೆಲೆಗೆ ಮಾರುತ್ತಾರೆ. ಹಾಗೆ ನೋಡಿದರೆ ಸುಣ್ಣಕ್ಕಾಗಿ ಪರದೇಶದ ಕಡೆ ಮುಖ ಮಾಡಬೇಕಾದ ಊರೇ ಅಲ್ಲ ನಮ್ಮದು. ಪಡಸಾಲೆಗೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಈ ಭೀಮಾ ಸೀಮೆ ಎಣಿಕೆಗೆ ಸಿಗದಷ್ಟು ಹಿಂದೆ ಆಳವಿಲ್ಲದ ಕಡಲಾಗಿದ್ದಾಗ ತಳದಲ್ಲಿ ಪದರುಪದರಾಗಿ ಕೂತದ್ದು. ಇದನ್ನು ನಂಬಿಕೊಂಡೇ ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಎದ್ದಿರುವುದು. "ಕಲಬುರ್ಗಿಗಿ ಸಮುದ್ರ ಯಾಕ್ ಬೇಕಿತ್ತೋ" ಅನ್ನುವವರಿಗೆ ನಾನು ಅವರ ಕಾಲ ಕೆಳಗಿನ ನೆಲ ತೋರಿಸುತ್ತೇನೆ.

ಅವ್ವ ತನ್ನ ಎಲಿ-ಅಡಿಕಿ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಮುಂದಿಟ್ಟಳು. ಅದರಲ್ಲಿ ಸುಣ್ಣದ ಜೊತೆ ಕಾಚು, ತಂಬಾಕಿನ ಪುಡಿ ಎಲ್ಲ ಸೇರಿಕೊಂಡಿದ್ದರಿಂದ ಕೈಮುಗಿದು ತಿರುಗಿಸಿಕೊಟ್ಟೆ. ಕಾಲೇಜಿನ ಲ್ಯಾಬುಗಳಿಗೆ ಸರಬರಾಜು ಮಾಡುವ ಅಂಗಡಿಯಲ್ಲಿ ಶುದ್ಧ ಪುಡಿ ಸಿಕ್ಕಿತು. ಸೂಜಿ ಬೇಕಲ್ಲ? ಮೆಡಿಕಲ್ ಅಂಗಡಿಯಲ್ಲಿ ಸಣ್ಣ ಸೂಜಿ ಕೊಟ್ಟರು. "ಇದರಾಗ ಹಿಟ್ಟು ಇಳಿಯಂಗಿಲ್ರೀ, ದಪ್ಪದ್ದು ಕೊಡ್ರಿ" ಅಂದೆ. ಆತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಎಮ್ಮಿಗೇನ್ರಿ?" ಅಂದ. ಹೂವಿಗೆ ಅನ್ನುವುದಕ್ಕಿಂತ ಹೂಂ ಅನ್ನುವುದು ಸಲೀಸಾಗಿತ್ತು. ಮರುದಿನ ಮುಂಜಾನೆ ಬಾಜೂಮನೆ ವೈನಿ ಸ್ಟೀಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಎಮ್ಮಿ ತಂದೀರಂತ, ಹೇಳೇ ಇಲ್ಲಲ್ರಿ? ದಿನಾ ಅರ್ಧ ಲೀಟರ್ ನಮಗೂ ಹಚ್ಚಿ ಬಿಡ್ರಿ." ಎಮ್ಮೆ ಇಲ್ಲ ಅಂದರೂ ಹಿತ್ತಲಿನ ಕಡೆ ಇಣುಕಿ ನೋಡಿಯೇ ಹೋದರು.

ಸುಣ್ಣ ತಿನ್ನಿಸುವುದು ನೋಡುವಂಥ ಕೆಲಸ. ಪಂಪು ಬಂದ್ ಮಾಡಬೇಕು. ಪುಡಿಯನ್ನು ಆರ್‌ಓ ನೀರಲ್ಲಿ ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ ಸಿರಿಂಜಿಗೆ ತುಂಬಬೇಕು. ಉಸಿರು ಬಿಗಿಹಿಡಿದು, ನೆರಳು ಬೀಳದ ಹಾಗೆ, ಸೂಜಿಯ ಮೊನೆಯನ್ನು ಎಳೆಗಳ ನಡುವಿನ ಬಾಯಿಯ ಮೇಲೆ ತಂದು ಒಂದೇ ಹನಿ ಬಿಡಬೇಕು. ಐಪ್ಟೇಸಿಯಾ ಅದನ್ನು ಊಟ ಅಂದುಕೊಂಡು ಎಳೆಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದು ಕ್ಷಣ ವಿಚಾರ ಮಾಡಿದ ಹಾಗೆ ಕಾಣುತ್ತದೆ. ನಂತರ ಮುದುಡಿ, ಬೆಳ್ಳಗಾಗಿ, ತೂತಿನ ಬಾಯಿಗೆ ಕುಸಿಯುತ್ತದೆ. ಆ ತೂತಿಗೂ ಒಂದಿಷ್ಟು ಸುಣ್ಣ ಮೆತ್ತಬೇಕು. ಒಂದು ಸಲಕ್ಕೆ ಮೂರೋ ನಾಲ್ಕೋ, ಅಷ್ಟೇ. ಆಸೆಗೆ ಬಿದ್ದು ಎಲ್ಲದಕ್ಕೂ ಹಾಕಿದರೆ ಎಂಟರ ಆಜುಬಾಜು ಇರಬೇಕಾದ ಪಿಎಚ್ ಏರಿ ಮೀನೂ ಹೋಗುತ್ತವೆ.

ಮುಂದೆ ಇದ್ದವು ಸತ್ತವು, ಹಿಂದೆ ಇದ್ದವು ಉಳಿದವು. ಪೈಪಿನೊಳಗೆ ಸೂಜಿ ಹೋಗುವುದಿಲ್ಲ. ಅದಕ್ಕೆ ಪೆಪ್ಪರ್‌ಮಿಂಟ್ ಸಿಗಡಿ ಬೇಕು. ಅದು ರಾತ್ರಿ ತಿರುಗಾಡಿ ಸಂದಿಗೊಂದಿಯ ಐಪ್ಟೇಸಿಯಾ ತಿನ್ನುತ್ತದೆ. ಮುಂಬೈಯಿಂದ ತರಿಸಿದೆ. ಥರ್ಮಕೋಲ್ ಡಬ್ಬಿಯಲ್ಲಿ ಬಂದದ್ದು ಮಾತ್ರ ಬೆನ್ನ ಮೇಲೆ ಡುಬ್ಬವಿದ್ದ, ಗುಡ್ಡೆಗಣ್ಣಿನ ಒಂಟೆ ಸಿಗಡಿ. ಕೆಂಪು-ಬಿಳಿ ಪಟ್ಟೆ ನೋಡಿ ಇದನ್ನೂ ಅದೇ ಹೆಸರಿನಲ್ಲಿ ಮಾರುವುದುಂಟು. ಇದಕ್ಕೆ ಪ್ರಿಯವಾದದ್ದು ಝೋವಾಂಥಿಡ್. ಮುಂಜಾನೆ ಎದ್ದು ನೋಡಿದರೆ ಐಪ್ಟೇಸಿಯಾ ಎಲ್ಲ ಆರಾಮ, ಝೋವಾಂಥಿಡ್‌ಗಳ ಅಂಚು ಅಂಚೇ ಇಲ್ಲ. ಅದನ್ನು ನೀರಿನ ಬಾಟಲಿಯ ಬಲೆಯಲ್ಲಿ ಹಿಡಿದು, ಮೀನು ಮಾತ್ರ ಸಾಕಿದ್ದ ಸೋಲಾಪುರದ ಗೆಳೆಯನಿಗೆ ದಾಟಿಸಿ, ಖರೇ ಪೆಪ್ಪರ್‌ಮಿಂಟ್ ಬರುವುದರೊಳಗೆ ಶ್ರಾವಣ ಬಂದಿತ್ತು.

ಈ ಸಲ ಬಂದವು ಕೆಲಸಗಾರರು. ದಿನಾ ರಾತ್ರಿ ಹೂವು ಕಡಿಮೆಯಾಗುತ್ತ ಬಂದವು. ಪೈಪೂ ಖಾಲಿಯಾಯಿತು. ಇನ್ನೇನು ಹಿಂದಿನ ಕಲ್ಲಿನ ಒಂದು ಗುಂಪು ಉಳಿದಿದೆ ಅನ್ನುವಾಗ ಸಿಗಡಿಗಳು ಕೆಲಸ ನಿಲ್ಲಿಸಿಬಿಟ್ಟವು. ಕಲ್ಲಿನ ಮೇಲೆ ಕೂತು ಮೀಸೆ ತಿರುವುವುದಷ್ಟೇ. ಕಾರಣ ತಿಳಿಯದೆ ಒಂದು ರಾತ್ರಿ ಎದ್ದು ಕಾದು ಕೂತೆ. ಹನ್ನೊಂದಕ್ಕೆ ಅವ್ವ ಬಂದಳು, ಮೀನಿನ ಕಾಳಿನ ಡಬ್ಬಿ ತೆಗೆದಳು, "ಬರ್ರಿ, ಉಣ್ಣ ಬರ್ರಿ" ಅಂತ ಕರೆದಳು. ಸಿಗಡಿಗಳು ಸಾಲಾಗಿ ಬಂದವು. ಪುಕ್ಕಟೆ ಕಾಳು ಸಿಗುವಾಗ ಚುಚ್ಚುವ ಹೂವನ್ನು ಯಾರು ತಿಂದಾರು?

"ಅವ್ವಾ, ಅವುಕ್ ಹಸಿವಾದ್ರೇ ಅದನ್ ತಿಂತಾವ. ನೀ ಹಾಕಬ್ಯಾಡ."

"ದಾಸೋಹದ ಶರಣಬಸಪ್ಪನ ಊರಾಗಿದ್ದು ಉಪವಾಸ ಕೆಡವ್ತೀನಂತಿ? ನಾಚಿಕಿ ಬರಂಗಿಲ್ಲೇನು?"

"ಕಾಯಕ ಮಾಡಿದ್ ಮ್ಯಾಲ ದಾಸೋಹ, ಅವ್ವಾ."

ಅವ್ವ ಡಬ್ಬಿಯ ಮುಚ್ಚಳ ಹಾಕುತ್ತ, ಪಂಪಿನ ಪಕ್ಕದಲ್ಲಿ ಅನಾಮತ್ತಾಗಿ ಮಲಗಿದ್ದ ನನ್ನ ಸಿರಿಂಜನ್ನು ನೋಡಿದಳು. "ಹಂಗಂದ್ರ ನಾಳಿಂದ ನಿಂಗೂ ಅದೇ ಲೆಕ್ಕ" ಅಂದಳು.